ತಾಯಂದಿರ ಕೌದಿಯೂ ನಮ್ಮ ಹೊಲಿಗೆಯ ಪಾಠವೂ

ಈ ಸ್ಮರಣ ಸಂಚಿಕೆಯಲ್ಲಿ ಶಾಲೆಯ ಕಟ್ಟಡದ ಚರಿತ್ರೆಯನ್ನೂ ಪರೀಕ್ಷೆಗಳ ಫಲಿತಾಂಶವನ್ನೂ ಆಟೋಟಗಳಲ್ಲಿ ಗೆದ್ದ ಪದಕಗಳನ್ನೂ ಕುರಿತು ಬರೆಯತಕ್ಕವರು ಬೇರೆ ಇದ್ದಾರೆ. ಮುಖ್ಯೋಪಾಧ್ಯಾಯಿನಿಯ ಪಾಲಿಗೆಂದು ಸಂಪಾದಕ ಮಂಡಲಿಯವರು ಬಿಟ್ಟುಕೊಟ್ಟಿರುವ ಈ ಕೆಲವು ಪುಟಗಳನ್ನು ನಾವು ಕೌದಿಯ ವಿಚಾರಕ್ಕೆ ಉಪಯೋಗಿಸಿಕೊಳ್ಳಬೇಕೆಂದಿದ್ದೇವೆ. ಕೌದಿಯೆಂದರೆ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತೇಪೆಗಳನ್ನಿಟ್ಟು ಹೊಲಿದ ಹೊದಿಕೆ. ಕೆಲವು ಸೀಮೆಗಳಲ್ಲಿ ಇದನ್ನು ಬೊಂತೆಯೆಂದೂ ಕರೆಯುವುದುಂಟು. ಪ್ರೌಢಶಾಲೆಯ ಸಂಚಿಕೆಯಲ್ಲಿ ಇದಕ್ಕೇನು ಕೆಲಸವೆಂದು ವಾಚಕರಲ್ಲಿ ಕೆಲವರು ನಗಬಹುದು. ಅವರು ಜೂನ್ ತಿಂಗಳ ಮೊದಲ ವಾರದಲ್ಲಿ ಒಂದು ಸಲ ನಮ್ಮ ವಿದ್ಯಾರ್ಥಿನಿ ನಿಲಯಕ್ಕೆ ಬಂದು ನೋಡಲಿ ಎಂಬುದೇ ನಮ್ಮ ಬಿನ್ನಹ.

ಆ ವಾರದಲ್ಲಿ ಪರಶುರಾಂಪುರ, ತಳಕು, ನಾಯಕನಹಟ್ಟಿ, ರಾಂಪುರ, ಕೊಂಡ್ಲಹಳ್ಳಿ ಮೊದಲಾದ ಕಡೆಗಳಿಂದ ಹೊಸ ಹುಡುಗಿಯರು ಬಂದು ಸೇರುತ್ತಾರೆ. ಒಬ್ಬೊಬ್ಬಳ ಕೈಯಲ್ಲಿಯೂ ಒಂದು ಟ್ರಂಕು, ಒಂದು ಸುರುಳಿ ಹಾಸಿಗೆ. ಸುರುಳಿಯ ಹೊರಗೆ ಕಾಣುವುದು ಸಂತೆಯಲ್ಲಿ ಕೊಂಡ ಹೊಳೆಯುವ ರಗ್ಗು. ಅದನ್ನು ಬಿಚ್ಚಿದರೆ ಒಳಗೆ ಕೌದಿ. ತಾಯಿಯೇ ಹೊಲಿದು, ತೊಳೆದು, ಬಿಸಿಲಿಗೆ ಒಣಗಿಸಿ ಮಡಿಸಿಟ್ಟದ್ದು. ಹುಡುಗಿಯು ಸುತ್ತಲೂ ಒಮ್ಮೆ ನೋಡಿ, ಕೌದಿಯನ್ನು ಎಲ್ಲಕ್ಕಿಂತ ಕೆಳಗೆ ಹಾಸಿ, ಅದರ ಒಂದು ಅಂಚೂ ಕಾಣದಂತೆ ರಗ್ಗಿನಿಂದ ಮುಚ್ಚುತ್ತಾಳೆ. ಮುಂದೆ ಪುಷ್ಯಮಾಸದ ಚಳಿಯಲ್ಲಿ, ಬಯಲುಸೀಮೆಯ ಗಾಳಿ ಕಿಟಕಿಯ ಸಂದಿನಿಂದ ಒಳಗೆ ಬೀಸುವಾಗ, ದೀಪವಾರಿಸಿದ ಮೇಲೆ ಅದೇ ಕೌದಿಯು ಮೆಲ್ಲನೆ ಮೇಲಕ್ಕೆ ಬರುತ್ತದೆ. ಬೆಳಗಿನ ಗಂಟೆಗೆ ಮುಂಚೆ ಮತ್ತೆ ಕೆಳಗೆ ಇಳಿಯುತ್ತದೆ. ವರ್ಷವರ್ಷವೂ ಇದು ನಡೆಯುವುದನ್ನು ನಾವು ಕಂಡಿದ್ದೇವೆ. ಹೊಸ ಹುಡುಗಿಗೆ ಹೀಗೆ ಮಾಡೆಂದು ಯಾರೂ ಹೇಳಿಕೊಟ್ಟಿರುವುದಿಲ್ಲ. ಶಾಲೆಯೆಂಬ ಹೆಸರು ಕೇಳಿದೊಡನೆಯೇ ತಾಯಿಯ ಕೈಕೆಲಸವನ್ನು ಮರೆಮಾಡಬೇಕೆಂದು ಅವಳಿಗೆ ತೋರುತ್ತದೆ. ಇಲ್ಲಿ ವಿಚಾರಕ್ಕೆ ಬರುವುದು ಹಾಸಿಗೆಯಲ್ಲ, ವಿದ್ಯೆ. ಆದುದರಿಂದ ಇದು ನಮ್ಮ ಅಧಿಕಾರದೊಳಗಿನ ವಿಷಯವೇ ಆಗಿದೆ.

ಕೌದಿಯನ್ನು ಹೊಲಿಯುವವಳ ದಿನಚರಿಯನ್ನು ಪೇಟೆಯ ವಾಚಕರಿಗಾಗಿ ಸ್ವಲ್ಪ ವಿವರಿಸುವುದು ಅವಶ್ಯ. ಚಳ್ಳಕೆರೆಯ ಸೀಮೆಯು ಕರ್ನಾಟಕದಲ್ಲಿ ಅತಿ ಕಡಮೆ ಮಳೆ ಬೀಳುವ ಸೀಮೆಗಳಲ್ಲೊಂದು. ಇಲ್ಲಿಯ ಹೆಂಗಸಿನ ವರ್ಷವು ಶೇಂಗಾ ಬೆಳೆಯ ಸುತ್ತ ತಿರುಗುತ್ತದೆ: ಮುಂಗಾರಿನಲ್ಲಿ ಬಿತ್ತನೆ, ಬಳಿಕ ಕಳೆ, ದೀಪಾವಳಿಯ ಹಿಂದುಮುಂದೆ ಗಿಡ ಕೀಳುವುದು, ಕಾಯಿ ಬಿಡಿಸುವುದು. ಈ ಕೆಲಸಗಳು ಮುಗಿದು, ಹೊಲದಲ್ಲಿ ಹೆಚ್ಚಿನ ಕೂಲಿಯಿಲ್ಲದ ತಿಂಗಳುಗಳಲ್ಲಿ ಕೌದಿಯು ಹೊರಕ್ಕೆ ಬರುತ್ತದೆ. ಬೆಳಗ್ಗೆ ನೀರು, ರೊಟ್ಟಿ ಅಥವಾ ಮುದ್ದೆ, ದನಕರು. ಸಂಜೆ ಮತ್ತೆ ಅದೇ. ನಡುವೆ ಊಟವಾದ ಮೇಲೆ ಉಳಿಯುವ ಎರಡು ಗಂಟೆಯ ಹೊತ್ತೇ ಅವಳದು. ಆ ಎರಡು ಗಂಟೆಗಳಲ್ಲಿಯೂ ಅವಳು ಮಲಗುವುದಿಲ್ಲ. ದಬ್ಬಳಕ್ಕೆ ದಾರ ಪೋಣಿಸುತ್ತಾಳೆ.

ಮೊದಲು ಹಳೆಯ ನೂಲಿನ ಸೀರೆಯೊಂದನ್ನು ಜಗಲಿಯ ಮೇಲೋ ಗುಡಿಯ ಕಟ್ಟೆಯ ಮೇಲೋ ಸುಕ್ಕಿಲ್ಲದಂತೆ ಹರಡಿ, ನಾಲ್ಕು ಮೂಲೆಗೂ ಕಲ್ಲು ಹೇರುತ್ತಾರೆ. ಅದರ ಮೇಲೆ ಹರಿದ ಪಂಚೆ, ಸವೆದ ಸೀರೆ ಮುಂತಾದ ಪದರಗಳು. ಎಲ್ಲಕ್ಕೂ ಮೇಲೆ ತೇಪೆಗಳು. ಹೊಲಿಗೆ ಬಲು ಸರಳ. ದಬ್ಬಳವನ್ನು ಕೆಳಗೆ ಹಾಯಿಸಿ ಮೇಲಕ್ಕೆ ತೆಗೆಯುವ ಸಾದಾ ಓಟದ ಹೊಲಿಗೆಯೇ ಹೊರತು ಬೇರಿಲ್ಲ. ಆದರೆ ನಾಲ್ಕೈದು ಪದರಗಳ ಮೂಲಕ ದಬ್ಬಳವನ್ನು ನೂಕಬೇಕಾದುದರಿಂದ ಬೆರಳಿಗೆ ಚಿಂದಿ ಸುತ್ತಿಕೊಳ್ಳುತ್ತಾರೆ. ಸುತ್ತಿಕೊಂಡರೂ ಬೆರಳ ತುದಿಯು ಕೆಲವು ದಿನ ಉರಿಯುತ್ತಲೇ ಇರುವುದು.

ಒಬ್ಬಳೇ ಕುಳಿತು ಕೌದಿ ಮುಗಿಸುವುದು ಅಪರೂಪ. ಪದರ ಹಾಸುವಾಗಲೇ ಅಕ್ಕಪಕ್ಕದ ಮನೆಯವರ ಕೈ ಬೇಕು. ಒಬ್ಬಳು ಒಂದು ಮೂಲೆ ಹಿಡಿದರೆ ಇನ್ನೊಬ್ಬಳು ಎದುರಿನ ಮೂಲೆ; ಅಂಚಿನಿಂದ ಆರಂಭಿಸಿ ಇಬ್ಬರೂ ನಡುವಿನತ್ತ ಬರುತ್ತಾರೆ. ಇಂದು ಈಕೆಯ ಕೌದಿಗೆ ಆಕೆ, ನಾಳೆ ಆಕೆಯ ಕೌದಿಗೆ ಈಕೆ. ಇದಕ್ಕೆ ಕೂಲಿಯಿಲ್ಲ, ಮುಯ್ಯಿ ಮಾತ್ರ ಉಂಟು. ಬೀದಿಯ ಸಮಾಚಾರವೆಲ್ಲ ಅಲ್ಲಿ ವಿಚಾರಣೆಗೆ ಬರುತ್ತದೆ. ಹಳ್ಳಿಯ ಹೆಣ್ಣಿಗೆ ಗೆಳತಿಯರೆಂದು ಹೇಳಿಕೊಳ್ಳುವ ಅವಕಾಶ ಕಡಮೆ. ಅತ್ತಿಗೆ, ನಾದಿನಿ, ಓರಗಿತ್ತಿ ಇವರೆಲ್ಲ ಸಂಬಂಧದವರು. ಕೌದಿಯ ನಾಲ್ಕನೆಯ ಮೂಲೆಯಲ್ಲಿ ಕುಳಿತವಳು ಮಾತ್ರ ತಾನಾಗಿ ಆರಿಸಿಕೊಂಡವಳು. ಸ್ತ್ರೀಸಮಾಜಗಳ ಸಭೆಯಲ್ಲಿ ನಾವು ಕಂಡಿರುವ ಸ್ನೇಹಕ್ಕಿಂತ ಇದು ಕಡಮೆಯದೆಂದು ನಮಗೆ ಎಂದೂ ತೋರಿಲ್ಲ. (ಸಭೆಯಲ್ಲಿ ಕೈ ಸುಮ್ಮನಿರುವುದರಿಂದಲೋ ಏನೋ ಜಗಳವೇ ಹೆಚ್ಚು.)

ಇನ್ನು ತೇಪೆಗಳ ವಿಚಾರ. ಕೌದಿಯನ್ನು ಓದಬಲ್ಲವರು ಮನೆಯ ಮುದುಕಿಯರು. ಅಕ್ಷರ ಬಾರದ ಅಜ್ಜಿಯೊಬ್ಬಳು ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಇದು ನಿನ್ನ ಅಪ್ಪ ಮದುವೆಯ ದಿನ ಉಟ್ಟ ಪಂಚೆ, ಇದು ನಿಮ್ಮ ಸೋದರತ್ತೆ ಬಾಣಂತನಕ್ಕೆ ಬಂದಾಗ ಉಟ್ಟಿದ್ದ ಸೀರೆ, ಇದು ಬಾರದ ಲೋಕಕ್ಕೆ ಹೋದ ನಿನ್ನ ಅಕ್ಕನ ಲಂಗ ಎಂದು ಬೆರಳಿಟ್ಟು ತೋರಿಸುತ್ತಾಳೆ. ಚೊಚ್ಚಲ ಬಾಣಂತನಕ್ಕೆ ತೌರಿಗೆ ಬಂದ ಮಗಳು ಗಂಡನ ಮನೆಗೆ ಹಿಂತಿರುಗುವಾಗ ಕೂಸಿನೊಡನೆ ಒಂದು ಚಿಕ್ಕ ಕೌದಿಯೂ ಹೋಗುತ್ತದೆ. ಅದಕ್ಕೆ ಹಾಕುವುದು ಬಹಳ ತೊಳೆದು ಮೆತ್ತಗಾದ, ಮನೆಯ ಹಿರಿಯಳ ಸೀರೆ. ಹೊಸ ಬಟ್ಟೆ ಕೂಸಿನ ಮೈಗೆ ಒರಟು. ಕೊಡುವವಳು ಕಾಗದ ಬರೆಯಲಾರಳು, ಕೊಟ್ಟದ್ದೇ ಕಾಗದ. ನಮ್ಮ ನಿಲಯದ ಹುಡುಗಿಯ ಹಾಸಿಗೆಯ ಕೆಳಗೆ ಅಡಗಿರುವುದೂ ಇಂಥದೊಂದು ಕಾಗದವೇ.

ಇಷ್ಟು ಹೇಳಿದ ಮೇಲೆ ವಾಚಕರು ನಮ್ಮನ್ನು ಹಳೆಯ ಕಾಲವನ್ನು ಹೊಗಳುವವರ ಪಂಗಡಕ್ಕೆ ಸೇರಿಸಬಾರದು. ಕೌದಿಯು ಬಡತನದ ಮಗಳು. ಕಂಬಳಿ ಕೊಳ್ಳಲು ಹಣವಿಲ್ಲದ್ದರಿಂದಲೇ ಚಿಂದಿಯನ್ನು ಕೂಡಿಸಿದರು. ಮಂದ ಬೆಳಕಿನಲ್ಲಿ ದಾರ ಪೋಣಿಸಿ ಕಣ್ಣು ಕೆಡಿಸಿಕೊಂಡವರೂ, ನೆಲಕ್ಕೆ ಬಾಗಿ ಬಾಗಿ ಬೆನ್ನು ನೋಯಿಸಿಕೊಂಡವರೂ ಉಂಟು. ನೆನೆದ ಕೌದಿಯನ್ನು ಎತ್ತಿ ಹಿಂಡುವುದಕ್ಕೆ ಇಬ್ಬರು ಬೇಕು; ನೀರಿಗೆ ಮೈಲಿ ನಡೆಯಬೇಕಾದ ಊರುಗಳಲ್ಲಿ ಅದನ್ನು ಎಷ್ಟು ಸಲ ಒಗೆಯಲಾದೀತು? ಒಗೆಯದ ಕೌದಿಯಿಂದ ಕಜ್ಜಿ, ತಿಗಣೆ ಹರಡುವುದನ್ನು ಆರೋಗ್ಯ ಶಾಸ್ತ್ರದ ಪಾಠದಲ್ಲಿ ನಾವೇ ಬೋಧಿಸುತ್ತೇವೆ. ಇದೆಲ್ಲ ನಿಜ. ಆದರೆ ತಾಯಿಯ ಬಡತನವು ಮಗಳಿಗೆ ನಾಚಿಕೆಯ ಕಾರಣವೆಂದಾಗಲಿ, ಆ ಬಡತನದಲ್ಲಿಯೂ ಅವಳು ತೋರಿದ ಕೌಶಲವು ಕೌಶಲವಲ್ಲವೆಂದಾಗಲಿ ಇದರಿಂದ ಸಿದ್ಧವಾಗುವುದಿಲ್ಲ.

ಆ ಕೌಶಲವನ್ನು ಅಳೆಯುವುದಕ್ಕಾಗಿ ಎಂಟನೆಯ ತರಗತಿಯ ಹುಡುಗಿಯರಿಗೆ ನಾವು ಒಂದು ಲೆಕ್ಕ ಕೊಡುವುದುಂಟು. 6 ಅಡಿ ಉದ್ದ, 4 ಅಡಿ ಅಗಲದ ಕೌದಿ. ಅರ್ಧ ಅಂಗುಲಕ್ಕೊಂದರಂತೆ ಹೊಲಿಗೆಯ ಸಾಲು. ಅಂಗುಲಕ್ಕೆ 2 ಹೊಲಿಗೆ. ಸಾಲುಗಳು 96. ಸಾಲುಗಳ ಒಟ್ಟು ಉದ್ದ 192 ಗಜ. ಹೊಲಿಗೆಗಳು 13,824. ನಿಮಿಷಕ್ಕೆ 5 ಹೊಲಿಗೆಯೆಂದಿಟ್ಟುಕೊಂಡರೆ ಸುಮಾರು 46 ಗಂಟೆಗಳ ಕೆಲಸ. ದಿನಕ್ಕೆ ಎರಡು ಗಂಟೆಯಂತೆ 23 ದಿನ. ಬಟ್ಟೆ ಒಗೆದು, ಕತ್ತರಿಸಿ, ಪದರ ಹಾಸಿದ ಹೊತ್ತು ಇದರಲ್ಲಿ ಸೇರಿಲ್ಲ. 2024-25ನೆಯ ಸಾಲಿನಲ್ಲಿ ಉದ್ಯೋಗ ಖಾತರಿಯ ಕೆಲಸಕ್ಕೆ ಕರ್ನಾಟಕದಲ್ಲಿ ಗೊತ್ತುಮಾಡಿದ್ದ ದಿನಗೂಲಿ 349 ರೂಪಾಯಿ. ಮಣ್ಣು ಹೊರುವವರ ಆ ಕೂಲಿಯನ್ನೇ ಎಂಟು ಗಂಟೆಯ ದಿನಕ್ಕೆ ಹಿಡಿದರೂ ಈ ಹೊಲಿಗೆಗೆ 2000 ರೂಪಾಯಿ ಮೀರುತ್ತದೆ. ಉತ್ತರವನ್ನು ಕಪ್ಪುಹಲಗೆಯ ಮೇಲೆ ಬರೆದಾಗ ತರಗತಿಯು ನಿಶ್ಶಬ್ದವಾಗುತ್ತದೆ. ಏಕೆಂದರೆ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಂಗಸರಿಗೆ ತಮ್ಮ ಮನೆಯವರು ಏನು ಕೊಟ್ಟು ಕಳುಹಿಸುತ್ತಾರೆಂಬುದು ಆ ಮಕ್ಕಳಿಗೆ ಗೊತ್ತು. ಸ್ವಲ್ಪ ಹಣ, ಒಂದಿಷ್ಟು ಕಾಳು, ಒಂದು ಹಳೆಯ ಸೀರೆ. ಅದರಲ್ಲಿಯೂ ಚೌಕಾಸಿ.

ನೆರೆಯವಳು ಮುಯ್ಯಿಗೆ ಹೊಲಿದದ್ದಕ್ಕೆ ಬೆಲೆ ಕಟ್ಟಬೇಕೆಂದು ನಾವು ಹೇಳುವುದಿಲ್ಲ. ತಾಯಿ ಮಗಳಿಗೆ ಕೊಟ್ಟದ್ದನ್ನು ಪಟ್ಟಣದ ಅಂಗಡಿಯಲ್ಲಿ ಮಾರಬೇಕೆಂದಂತೂ ಹೇಳುವುದೇ ಇಲ್ಲ. ಆದರೆ ಕೂಲಿಗೆ ಹೊಲಿಯುವವಳ ಕೂಲಿಯು ಕೂಲಿಯಾಗಿರಬೇಕು, ದಾನವಾಗಬಾರದು. ಇವೆರಡನ್ನೂ ಕಲಸಿಬಿಡುವುದರಿಂದಲೇ ಹೆಂಗಸಿನ ಕೈಕೆಲಸಕ್ಕೆ ಬೆಲೆಯೂ ಇಲ್ಲ, ಮರ್ಯಾದೆಯೂ ಇಲ್ಲವೆಂಬಂತಾಗಿದೆ.

ನಮ್ಮ ಸೀಮೆಯು ಬಟ್ಟೆಯ ಕೆಲಸಕ್ಕೆ ಹೆಸರಿಲ್ಲದ ಸೀಮೆಯೇನೂ ಅಲ್ಲ. ಚಳ್ಳಕೆರೆಯ ಕಂಬಳಿಯನ್ನು ಅರಿಯದವರಾರು? ಕುರಿಯ ಕರಿಯ ಉಣ್ಣೆಯನ್ನು ಕತ್ತರಿಸಿ, ನೂಲು ತೆಗೆದು, ಹಾಸಿಗೆ ಹುಣಿಸೇಬೀಜದ ಸರಿ ಹಚ್ಚಿ, ಗುಂಡಿಮಗ್ಗದಲ್ಲಿ ನೇಯುವ ಆ ಕೆಲಸಕ್ಕೆ ಸಂತೆಯುಂಟು, ವ್ಯಾಪಾರಿಗಳುಂಟು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಕಂಬಳಿಯ ನೂಲನ್ನು ತೆಗೆಯುವವಳೂ ಹೆಂಗಸು. ರೇಷ್ಮೆಯ ಎಳೆ ಸುತ್ತುವವಳೂ ಹೆಚ್ಚಾಗಿ ಹೆಂಗಸೇ. ಆದರೂ ಅವು ಮಾರಾಟಕ್ಕೆ ಹೋಗುವ ಪದಾರ್ಥಗಳಾದ್ದರಿಂದ ಊರಿನ ಹೆಸರು ಅವುಗಳಿಗೆ ಹತ್ತಿತು. ಕೌದಿಯು ಮನೆಯಿಂದ ಮನೆಗೆ ಹೋಗುತ್ತದೆ, ಪೇಟೆಗೆ ಹೋಗುವುದಿಲ್ಲ. ಅದಕ್ಕೆ ಊರಿನ ಹೆಸರೂ ಇಲ್ಲ, ಹೊಲಿದವಳ ಹೆಸರೂ ಇಲ್ಲ.

ಹೆಸರಿನ ಮಾತು ಬಂದುದರಿಂದ ಇನ್ನೊಂದು ಸಂಗತಿ ನೆನಪಾಗುತ್ತದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆಗಳಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನಗಳಿವೆ, ಬಿ. ಎಲ್. ರೈಸ್ ಸಾಹೇಬರು ಅವುಗಳನ್ನು 1892ರಲ್ಲಿ ಬೆಳಕಿಗೆ ತಂದರು. ತಾಯಿತಂದೆಗಳ ಮಾತಿಗೆ ನಡೆಯಬೇಕು, ಶಿಷ್ಯರು ಗುರುಗಳನ್ನು ಗೌರವಿಸಬೇಕು ಎಂಬ ಬೋಧೆ ಅಲ್ಲಿದೆಯೆಂದು ಚರಿತ್ರೆಯ ಪಾಠದಲ್ಲಿ ಹೇಳುತ್ತೇವೆ. ಆದರೆ ನಮ್ಮ ಮನಸ್ಸನ್ನು ಹೆಚ್ಚು ಸೆಳೆಯುವುದು ಕೊನೆಯ ಸಾಲು. ಬ್ರಹ್ಮಗಿರಿಯ ಶಾಸನದ ಕಡೆಯಲ್ಲಿ ಅದನ್ನು ಬರೆದ ಲಿಪಿಕಾರ ಚಪಡನು ತನ್ನ ಹೆಸರನ್ನು ಬರೆದು, ಲಿಪಿಕಾರನೆಂಬ ಮಾತನ್ನು ದೂರದ ವಾಯವ್ಯ ದೇಶದಲ್ಲಿ ಬಳಕೆಯಲ್ಲಿದ್ದ ಖರೋಷ್ಠಿ ಲಿಪಿಯಲ್ಲಿ ಸೇರಿಸಿದ್ದಾನೆ. ಚಕ್ರವರ್ತಿಯ ಮಾತಿನ ಕೆಳಗೆ ಒಬ್ಬ ಕೈಗೆಲಸದವನ ಹೆಸರು! ಕ್ರಿಸ್ತಪೂರ್ವ 3ನೆಯ ಶತಮಾನದಿಂದ ಅದು ನಮ್ಮ ಬೆಟ್ಟದ ಬಂಡೆಯ ಮೇಲೆ ಉಳಿದಿದೆ. ಅದೇ ಬೆಟ್ಟದ ತಪ್ಪಲಿನ ಹಳ್ಳಿಗಳಲ್ಲಿ ಹದಿಮೂರು ಸಾವಿರ ಹೊಲಿಗೆ ಹಾಕಿದವಳಿಗೆ ತನ್ನ ಹೆಸರನ್ನು ಒಂದು ಮೂಲೆಯಲ್ಲಿ ಗುರುತಿಸುವ ಯೋಚನೆಯೇ ಬಂದಿಲ್ಲ. ಬಂದಿದ್ದರೂ ಅಕ್ಷರ ಬರಬೇಕಲ್ಲ!

ಬೇರೆ ಕಡೆಗಳಲ್ಲಿ ಕೌದಿಗೆ ಹೆಸರು ಬಂದದ್ದುಂಟು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಸೀಮೆಯಲ್ಲಿ ನೆಲೆಸಿರುವ ಸಿದ್ದಿ ಜನರು ಆಫ್ರಿಕದಿಂದ ಬಂದವರ ಸಂತತಿಯವರು. ಅವರ ಹೆಂಗಸರು ಹೊಲಿಯುವ ಕವಂದಿಯ ಮೂಲೆಗಳಲ್ಲಿ ‘ಫೂಲ’ವೆಂಬ ಮುಕ್ಕೋನದ ತೇಪೆಯಿರಬೇಕು, ಅದಿಲ್ಲದ ಕವಂದಿಯು ಬತ್ತಲೆಯೆಂದು ಅವರ ಭಾವನೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರು ಅವರೊಡನೆ ಕೆಲಸ ಮಾಡಿದ ಮೇಲೆ, 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಈ ಕವಂದಿಗಳ ಪ್ರದರ್ಶನ ನಡೆಯಿತು. ದೇವದಾಸಿ ಪದ್ಧತಿಯಿಂದ ಹೊರಬಂದ ಸ್ತ್ರೀಯರು ತಲಾ ಒಂದೊಂದು ಹೊಲಿಗೆಯಂತೆ ಮೂರು ಸಾವಿರ ಹೊಲಿಗೆ ಹಾಕಿ ತಮಗೆ ಕೊಟ್ಟ ಹಾಸನ್ನು ಕುರಿತು ಸುಧಾ ಮೂರ್ತಿಯವರು 2017ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ಬರೆದಿದ್ದಾರೆ. ಪುಸ್ತಕದ ಹೆಸರೂ ಆ ಹೊಲಿಗೆಗಳದೇ. ನ್ಯೂಯಾರ್ಕಿಗೆ ಹೋದರೆ ಮಾತ್ರ ಕೌದಿ ದೊಡ್ಡದಾಯಿತೆಂದು ನಮ್ಮ ಹುಡುಗಿಯರು ತಿಳಿಯಬಾರದು. ಆದರೆ ಹೋದದ್ದನ್ನು ತಿಳಿದಿರುವುದು ಒಳ್ಳೆಯದು.

ಇವುಗಳಿಗಿಂತಲೂ ನಮ್ಮಂಥ ಶಾಲೆಗೆ ಹತ್ತಿರವಾದದ್ದು ಸಿಂಗಾಪುರದ ಚಾಂಗಿ ಸೆರೆಮನೆಯ ಕಥೆ. 1942ರಲ್ಲಿ ಆ ನಗರವು ಜಪಾನೀಯರ ವಶವಾದ ಮೇಲೆ ಹೆಂಗಸರನ್ನೂ ಮಕ್ಕಳನ್ನೂ ಗಂಡಸರಿಂದ ಬೇರೆಯಾಗಿ ಅಲ್ಲಿ ಕೂಡಿಹಾಕಿದರು. ತಾವು ಬದುಕಿದ್ದೇವೆಂದು ಗಂಡಂದಿರಿಗೆ ತಿಳಿಸುವ ದಾರಿಯಿರಲಿಲ್ಲ. ಆಗ ಅವರು ಸಿಕ್ಕ ಬಟ್ಟೆಯ ಚೌಕಗಳ ಮೇಲೆ ತಮ್ಮ ತಮ್ಮ ಹೆಸರನ್ನೂ ಒಂದು ಗುರುತನ್ನೂ ಹೊಲಿದು, 66 ಚೌಕಗಳಿಗೆ ಒಂದರಂತೆ ಮೂರು ಹೊದಿಕೆಗಳನ್ನು ಮಾಡಿ, ಗಾಯಾಳುಗಳಿಗೆಂದು ಆಸ್ಪತ್ರೆಗೆ ಕಳುಹಿಸಿಕೊಟ್ಟರು. ಅದೇ ಸೆರೆಯಲ್ಲಿದ್ದ ಚಿಕ್ಕ ಹುಡುಗಿಯರ ಗೈಡ್ ದಳವೊಂದು, ತಮ್ಮ ನಾಯಕಿ ಎಲಿಜಬೆತ್ ಎನ್ನಿಸ್ ಅವರ ಹುಟ್ಟುಹಬ್ಬಕ್ಕೆಂದು ಅವರಿಗೆ ತಿಳಿಯದಂತೆ ಆರು ಮೂಲೆಯ ತೇಪೆಗಳ ಹೊದಿಕೆಯೊಂದನ್ನು ಹೊಲಿಯಿತು. ಅದು ಈಗ ಲಂಡನ್ನಿನ ಯುದ್ಧ ವಸ್ತುಸಂಗ್ರಹಾಲಯದಲ್ಲಿದೆ. ಗೈಡ್ ದಳದ ನಮ್ಮ ಹುಡುಗಿಯರಿಗೆ ಗಂಟು ಹಾಕುವುದು ಚೆನ್ನಾಗಿ ಬರುತ್ತದೆ. ಹೊಲಿಗೆಯ ಮಾತು ಬೇರೆ.

ನಮ್ಮ ಶಾಲೆಗಳಿಗೂ ಸೂಜಿಗೂ ಹಳೆಯ ನಂಟು. ಮಿಷನ್ ಹೆಣ್ಣುಮಕ್ಕಳ ಶಾಲೆಗಳು ಆರಂಭವಾದ ಕಾಲದಲ್ಲಿ ಹೊಲಿಗೆಯು ಓದುಬರಹದಷ್ಟೇ ಮುಖ್ಯವಾದ ಪಾಠವಾಗಿತ್ತು. ನಾಗರಕೋಯಿಲಿನಲ್ಲಿ 19ನೆಯ ಶತಮಾನದ ಆರಂಭದಲ್ಲಿ ಮಾಲ್ಟ್ ದೊರೆಸಾನಿಯವರು ಕಲಿಸಿದ ಲೇಸಿನ ಕೆಲಸವು ಎಷ್ಟೋ ಬಡ ಹೆಂಗಸರಿಗೆ ಜೀವನೋಪಾಯವಾಯಿತು. ಇದನ್ನು ಕೃತಜ್ಞತೆಯಿಂದಲೇ ಹೇಳುತ್ತೇವೆ. ಆದರೆ ಆ ದೊರೆಸಾನಿಯರು ಸಮುದ್ರದಾಚೆಯಿಂದ ತಂದ ಲೇಸು, ಕ್ರೋಶ, ಮೇಜಿನ ಹಾಸಿನ ಮೂಲೆಯ ಹೂವು ಇವೇ ಇಂದಿಗೂ ಹೊಲಿಗೆಯ ತರಗತಿಯಲ್ಲಿ ಉಳಿದಿವೆ. ಮೇಜೇ ಇಲ್ಲದ ಮನೆಯ ಹುಡುಗಿ ಮೇಜಿನ ಹಾಸಿಗೆ ಹೂವು ತೆಗೆದು ಬಹುಮಾನ ಪಡೆಯುತ್ತಾಳೆ. ಅವಳ ತಾಯಿಯ ಕೌದಿಗೆ ಬಹುಮಾನದ ಪಟ್ಟಿಯಲ್ಲಿ ಸ್ಥಾನವಿಲ್ಲ. ಯೊಪ್ಪ ಪಟ್ಟಣದ ದೊರ್ಕಳು ತೀರಿಕೊಂಡಾಗ ಅಲ್ಲಿಯ ವಿಧವೆಯರು ಅವಳು ಹೊಲಿದುಕೊಟ್ಟ ಬಟ್ಟೆಗಳನ್ನು ಎತ್ತಿ ತೋರಿಸಿ ಅತ್ತರೆಂದು ಅಪೊಸ್ತಲರ ಕೃತ್ಯಗಳಲ್ಲಿ ಓದುತ್ತೇವೆ. ಅವರು ತೋರಿಸಿದ್ದು ಲೇಸಲ್ಲ, ಉಡುವ ಬಟ್ಟೆ.

ಹೊಲಿಗೆಯ ಉಪಾಧ್ಯಾಯಿನಿಯರಲ್ಲಿ ಕೆಲವರು ಒಂದು ಆಕ್ಷೇಪಣೆ ತರುತ್ತಾರೆ. ಹುಡುಗಿಯರು ಯಂತ್ರದ ಹೊಲಿಗೆ ಕಲಿತರೆ ನಾಳೆ ಹೊಟ್ಟೆಗೆ ದಾರಿಯಾದೀತು, ಕೌದಿಯಿಂದೇನು? ಈ ಆಕ್ಷೇಪಣೆಗೆ ಬಲವಿದೆ. ಯಂತ್ರದ ಪಾಠವನ್ನು ಕಡಮೆ ಮಾಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ವಾರದಲ್ಲಿ ಲೇಸಿಗೆ ಕೊಟ್ಟಿರುವ ಒಂದು ಗಂಟೆಯನ್ನು ಕೌದಿಗೆ ಕೊಡಿರೆಂದಷ್ಟೇ ಕೇಳುತ್ತೇವೆ. ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಈಗಿನ ಮನೆಗಳಲ್ಲಿ ಹಳೆಯ ಸೀರೆಯೆಂದರೆ ಪಾಲಿಯೆಸ್ಟರ್ ಸೀರೆ. ಅದು ಬೆವರು ಹೀರುವುದಿಲ್ಲ, ಪದರಗಳ ನಡುವೆ ಜಾರುತ್ತದೆ, ತೊಳೆದಷ್ಟೂ ಮೆತ್ತಗಾಗುವ ಗುಣ ಅದಕ್ಕಿಲ್ಲ. ಮೃದುವಾದ ನೂಲಿನ ಸೀರೆ ಉಡುವ ಅಜ್ಜಿಯರು ಕಡಮೆಯಾದಂತೆ ಒಳ್ಳೆಯ ಕೌದಿಯ ಮೂಲವಸ್ತುವೇ ಬತ್ತುತ್ತಿದೆ. ಕೌದಿಯನ್ನು ಕಲಿಯುವುದಾದರೆ ಕಲಿಸುವ ಕೈಗಳೂ ಸೀರೆಗಳೂ ಇರುವಾಗಲೇ ಕಲಿಯಬೇಕು.

ಆದುದರಿಂದ ಈ ವರ್ಷದ ಕೈಕೆಲಸದ ಪ್ರದರ್ಶನದಲ್ಲಿ ಒಂದು ಗೋಡೆಯನ್ನು ತಾಯಂದಿರ ಕೌದಿಗಳಿಗೆ ಬಿಡುವುದೆಂದು ನಿಶ್ಚಯಿಸಿದ್ದೇವೆ. ಈ ಮಾತನ್ನು ಪೋಷಕರ ಸಭೆಯಲ್ಲಿ ತಿಳಿಸಿದಾಗ ಒಬ್ಬ ತಾಯಿಯು, “ಟೀಚರಮ್ಮಾರೇ, ಇದೇನು ತೋರ್ಸೋ ಸಾಮಾನಾ? ಹಳೇ ಸೀರೆ ಚಿಂದಿ ಅಷ್ಟೆ,” ಎಂದು ಸೆರಗು ಬಾಯಿಗೆ ಹಿಡಿದು ನಕ್ಕರು. ಆದರೆ ಹೊರಡುವಾಗ, ಎಷ್ಟು ದೊಡ್ಡದನ್ನು ತರಬೇಕೆಂದು ಕೇಳಿಯೇ ಹೋದರು. ಪ್ರತಿಯೊಂದು ಕೌದಿಯ ಕೆಳಗಡೆಯ ಬಲ ಮೂಲೆಯಲ್ಲಿ ಹೊಲಿದವರ ಹೆಸರನ್ನು ಅವರ ಮಗಳೇ ಕನ್ನಡ ಅಕ್ಷರದಲ್ಲಿ ಹೊಲಿದಿರಬೇಕು. ಕೂಲಿಗೆ ಹೊಲಿಸಿದ್ದಾದರೆ ಕೂಲಿಯವಳ ಹೆಸರನ್ನೇ ಹೊಲಿಯತಕ್ಕದ್ದು, ಮನೆಯೊಡತಿಯದನ್ನಲ್ಲ. ಹೆಸರು ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಂಡು ಬರುವುದು.

ಹತ್ತನೆಯ ತರಗತಿಯವರಿಗೆ ಮತ್ತೊಂದು ಕೆಲಸವಿದೆ. ಶಾಲೆ ಬಿಡುವಾಗ ಹಸ್ತಾಕ್ಷರದ ಪುಸ್ತಕಗಳನ್ನು ಕೈಯಿಂದ ಕೈಗೆ ತಿರುಗಿಸಿ, ಮರೆಯಬೇಡವೆಂದು ಎಲ್ಲರಿಗೂ ಒಂದೇ ವಾಕ್ಯ ಬರೆಯುವ ಪದ್ಧತಿಯಿದೆಯಷ್ಟೆ. ಅದರ ಬದಲಾಗಿ ಈ ವರ್ಷದಿಂದ ಒಬ್ಬೊಬ್ಬಳೂ ಒಂದೊಂದು ತೇಪೆ ಕೊಟ್ಟು, ಎಲ್ಲರೂ ಕೂಡಿ ಒಂದು ಕೌದಿಯನ್ನು ಹೊಲಿದು, ನಿಲಯದ ರೋಗಿಗಳ ಕೋಣೆಗೆ ಒಪ್ಪಿಸಿ ಹೋಗಬೇಕೆಂದು ನಮ್ಮ ಸೂಚನೆ. ಮುಂದಿನ ವರ್ಷ ಜ್ವರದಿಂದ ಮಲಗುವ ಹುಡುಗಿಯೊಬ್ಬಳು ಅದನ್ನು ಹೊದ್ದುಕೊಂಡು ತೇಪೆಗಳ ಮೇಲಿನ ಹೆಸರುಗಳನ್ನು ಓದುತ್ತಾಳೆ. ತೇಪೆಯು ಗೇಣುದ್ದ ಗೇಣಗಲವಿರಲಿ, ನೂಲಿನದೇ ಆಗಿರಲಿ, ಒಗೆದು ಬಿಸಿಲಿಗೆ ಹಾಕಿದ್ದಾಗಿರಲಿ. ದಬ್ಬಳವನ್ನೂ ದಾರವನ್ನೂ ಶಾಲೆಯಿಂದ ಒದಗಿಸಲಾಗುವುದು. ಪಾಲಿಯೆಸ್ಟರ್ ತುಂಡುಗಳನ್ನು ಹೊಲಿಗೆಯ ಉಪಾಧ್ಯಾಯಿನಿಯವರು ಹಿಂದಿರುಗಿಸುತ್ತಾರೆ. ಸಮವಸ್ತ್ರದ ನೀಲಿ ಲಂಗದ ತುಂಡುಗಳು ಈಗಾಗಲೇ ಬೇಕಾದಷ್ಟು ಬಂದುಬಿಟ್ಟಿವೆ. ದಯಮಾಡಿ ಬೇರೆ ಬಣ್ಣದವನ್ನು ತನ್ನಿರಿ.